ಮೂವತ್ತೊಂದು ಮನೆಗಳ ಕಟಾಫ್

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗದ ಅಂಗಡಿಗೂ ಹೊಲಿಗೆ ಅಂಗಡಿಗೂ ನಡುವೆ ಒತ್ತಿಕೊಂಡು ನಿಂತಿರುವ ರಿಪೇರಿ ಅಂಗಡಿಯ ಯಜಮಾನ ಯಾರು ಎಂದು ಕೇಳಿದರೆ, ಬೀದಿಯವರು ಈಗ ಒಂದು ಗಳಿಗೆ ಯೋಚನೆ ಮಾಡುತ್ತಾರೆ. ಬೋರ್ಡಿನ ಕೆಳಗೆ ಕೂತು ಬಂದವರನ್ನೆಲ್ಲ ಮಾತನಾಡಿಸುವವನು ಗಂಡ. ಒಳಗಿನ ಮೇಜಿನ ಮುಂದೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೆಟಲಿನ ತಳ ಬಿಚ್ಚುತ್ತಿರುವವಳು ಹೆಂಡತಿ. ಗಂಡನನ್ನು ಎಲ್ಲರೂ ರಿಪೇರಿಯವನು ಎನ್ನುತ್ತಾರೆ. ಹೆಂಡತಿಗೆ ಮಾತ್ರ ಕಿವಿಯಮ್ಮ ಎಂಬ ಹೆಸರಿದೆ, ಅದು ಅವಳು ದುಡಿದು ಸಂಪಾದಿಸಿದ ಹೆಸರು.

ರಿಪೇರಿಯವನು ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೈ ಚುರುಕು, ಬಾಯಿ ಮೆತ್ತಗೆ. ಆದರೆ ‘ಆಗಲ್ಲ’ ಎನ್ನುವ ಒಂದು ಮಾತು ಅವನ ಬಾಯಿಂದ ಹೊರಡುತ್ತಿರಲಿಲ್ಲ. ಯಾರಾದರೂ ಕೆಟಲ್ ತಂದು, ‘ಸುಮ್ಮಸುಮ್ಮನೆ ಆಫ್ ಆಗುತ್ತೆ, ಸ್ವಲ್ಪ ಬೇಗ ಮಾಡಿಕೊಡಿ’ ಎಂದರೆ ಸಾಕು, ಕರಗಿಹೋಗುತ್ತಿದ್ದ.

ಕೆಟಲಿನ ತಳದಲ್ಲಿ, ನೀರು ಕಾಯಿಸುವ ಕಾಯಿಲಿಗೆ ಅಂಟಿಕೊಂಡಂತೆ, ನಾಣ್ಯದಷ್ಟಗಲದ ಒಂದು ಬಿಲ್ಲೆ ಇರುತ್ತದೆ. ಎರಡು ಬಗೆಯ ಲೋಹದ ತಗಡನ್ನು ಬೆನ್ನಿಗೆ ಬೆನ್ನು ಬೆಸೆದು ಮಾಡಿದ್ದು. ನೀರು ಬತ್ತಿ ಕಾಯಿಲ್ ಮಿತಿ ಮೀರಿ ಕಾದರೆ ಒಂದು ತಗಡು ಇನ್ನೊಂದಕ್ಕಿಂತ ಹೆಚ್ಚು ಹಿಗ್ಗಿ, ಬಿಲ್ಲೆ ‘ಟಕ್’ ಎಂದು ಮಗುಚಿಕೊಂಡು ಕರೆಂಟ್ ಕಡಿದುಬಿಡುತ್ತದೆ. ಅದೇ ಕಟಾಫ್. ಒಳಗೆ ಸುಣ್ಣ ಕಟ್ಟಿದರೆ ಕಾಯಿಲಿನ ಬಿಸಿ ನೀರಿಗೆ ಹೋಗದೆ ಅಲ್ಲೇ ನಿಂತು, ಬಿಲ್ಲೆ ಬೇಗ ಮಗುಚುತ್ತದೆ. ಸುಣ್ಣ ತೆಗೆದು, ಬಿಲ್ಲೆ ಕೂರುವ ಜಾಗ ಉಜ್ಜಿ ಸರಿಮಾಡಲು ಅರ್ಧ ದಿನ ಬೇಕು. ಬಿಲ್ಲೆಯನ್ನೇ ಕಿತ್ತು ಎರಡು ವೈರನ್ನು ಒಂದಕ್ಕೊಂದು ಸೇರಿಸಲು ಎರಡು ನಿಮಿಷ ಸಾಕು. ರಿಪೇರಿಯವರ ಭಾಷೆಯಲ್ಲಿ ಇದಕ್ಕೆ ‘ಡೈರೆಕ್ಟ್ ಮಾಡುವುದು’ ಎನ್ನುತ್ತಾರೆ. ಕೆಟಲ್ ಮತ್ತೆಂದೂ ಸುಮ್ಮಸುಮ್ಮನೆ ಆಫ್ ಆಗುವುದಿಲ್ಲ. ಆಗಲೇಬೇಕಾದಾಗಲೂ ಆಗುವುದಿಲ್ಲ.

ಕಿವಿಯಮ್ಮ ಬಂದದ್ದು ಬೇರೆ ಲೋಕದಿಂದ. ಊರಾಚೆಯ ಕೆಟಲ್ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಒಣ ಪರೀಕ್ಷೆಯ ಮೇಜಿನ ಮುಂದೆ ಕೂತವಳು ಅವಳು. ಆರು ಕೆಟಲ್ ಸಾಲಾಗಿಟ್ಟು, ಒಂದು ತೊಟ್ಟು ನೀರಿಲ್ಲದೆ ಸ್ವಿಚ್ ಹಾಕಬೇಕು. ಪ್ರತಿಯೊಂದೂ ಇಷ್ಟು ಸೆಕೆಂಡಿನೊಳಗೆ ಟಕ್ ಎನ್ನಬೇಕು. ಎಂದದ್ದಕ್ಕೆ ಗುರುತು ಹಾಕಬೇಕು. ಕಾರ್ಖಾನೆಯ ಗದ್ದಲದಲ್ಲೂ ಆರರಲ್ಲಿ ಯಾವುದು ಟಕ್ ಎಂದಿತು ಎಂದು ಅವಳು ತಲೆ ಎತ್ತದೆ ಹೇಳುತ್ತಿದ್ದಳು. ಹೆಸರು ಬಂದದ್ದು ಅಲ್ಲಿಂದ. ಒಂದು ದಿನ ಆ ಕಿವಿಯೇ ಅವಳಿಗೆ ಮೋಸ ಮಾಡಿತು. ಎರಡು ಕೆಟಲ್ ಒಟ್ಟಿಗೇ ಟಕ್ ಎಂದವು ಎಂದುಕೊಂಡು ಎರಡಕ್ಕೂ ಗುರುತು ಹಾಕಿದಳು. ಊಟಕ್ಕೆ ಕೂತಾಗ, ಕೇಳಿದ್ದು ಒಂದೇ ಸದ್ದಲ್ಲವೇ ಎಂಬ ಅನುಮಾನ ಬಂತು. ತುತ್ತು ಕೆಳಗಿಟ್ಟು ಹೋಗಿ ಸೂಪರ್‌ವೈಸರ್‌ಗೆ ಹೇಳಿದಳು. ಗೇಟು ದಾಟಿದ್ದ ಲಾರಿಯನ್ನು ವಾಪಸ್ ಕರೆಸಿ, ನಾನೂರು ಕೆಟಲನ್ನೂ ಬಿಚ್ಚಿ ಮತ್ತೆ ಪರೀಕ್ಷೆ ಮಾಡಿದರು. ಮುನ್ನೂರ ಎಂಬತ್ತನೆಯದರಲ್ಲಿ ಕಟಾಫ್ ಕೆಲಸ ಮಾಡುತ್ತಿರಲಿಲ್ಲ. ಎರಡು ದಿನ ಅವಳ ಜೊತೆ ಯಾರೂ ಮಾತಾಡಲಿಲ್ಲವಂತೆ, ಎಲ್ಲರ ಕೈಬೆರಳೂ ಊದಿಕೊಂಡಿತ್ತಲ್ಲ! ಅಂದಿನಿಂದ ಅವಳು ಕಿವಿಯನ್ನೊಂದೇ ನಂಬುವುದನ್ನು ಬಿಟ್ಟಳು. ಸದ್ದೂ ಕೇಳಬೇಕು, ಕೆಟಲಿನ ದೀಪವೂ ಆರಬೇಕು, ಆಮೇಲೆ ಗುರುತು.

ಕಾರ್ಖಾನೆ ಮುಚ್ಚಿತು. ಅವಳು ಗಂಡನ ಅಂಗಡಿಗೆ ಬಂದಳು. ಬಂದ ಮೂರನೇ ದಿನ, ಸ್ಕ್ರೂ ಹುಡುಕಲು ಕಪಾಟಿಗೆ ಕೈ ಹಾಕಿದಾಗ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದು ನೋಡಿದಳು.

“ಇದೇನ್ರೀ ಇದು?”

“ಅದಾ? ಹಳೇ ಕಟಾಫು. ಕರೆಂಟ್ ಕೂಡೋ ಪಾಯಿಂಟ್ ಎಲ್ಲಾ ಚೆನ್ನಾಗಿದೆ, ಯಾವತ್ತಾದ್ರೂ ಬೇಕಾಗುತ್ತೆ ಅಂತ ಇಟ್ಟಿದೀನಿ.”

“ಇವನ್ನ ತೆಗೆದು ಹೊಸದು ಹಾಕಿದ್ರಾ?”

ರಿಪೇರಿಯವನು ಕೈಯಲ್ಲೇ ಇದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲೆಲ್ಲ ಹುಡುಕತೊಡಗಿದ.

“ಹೊಸದು ಹಾಕಿದ್ರೇನ್ರೀ?”

“ಡೈರೆಕ್ಟ್ ಮಾಡಿದೆ.”

“ಎಲ್ಲಾನೂ?”

“ಎಲ್ಲಾನೂ ಅಂದ್ರೆ... ಹೂಂ, ಎಲ್ಲಾನೂ.”

ಕಿವಿಯಮ್ಮ ಡಬ್ಬಿಯನ್ನು ಮೇಜಿನ ಮೇಲೆ ಸುರಿದು, ಒಂದೊಂದನ್ನೇ ಬೆರಳಿಂದ ಸರಿಸುತ್ತಾ ಎಣಿಸಿದಳು. ಮೂವತ್ತೊಂದು.

“ಅಂದ್ರೆ ಈ ಊರಲ್ಲಿ ಮೂವತ್ತೊಂದು ಮನೇಲಿ ಕಾವಲಿಲ್ಲದ ಕಾಯಿಲ್ ಕಾಯ್ತಾ ಇದೆ.”

“ಇಷ್ಟು ವರ್ಷ ಏನೂ ಆಗಿಲ್ವಲ್ಲೇ!”

“ಆಗಿದ್ರೆ ನಿಮಗೆ ಬಂದು ಹೇಳ್ತಿದ್ರಾ?”

ಅವಳು ಆ ರಾಶಿಯಿಂದ ದೊಡ್ಡದೊಂದನ್ನು ಎತ್ತಿ ಹಿಡಿದಳು. ಅದಕ್ಕೆ ಉಳಿದವುಗಳಿಗಿಲ್ಲದ ಒಂದು ಕೆಂಪು ಗುಂಡಿಯಿತ್ತು. “ಇದು ಕೆಟಲ್‌ದಲ್ಲ, ಬಾಯ್ಲರ್‌ದು. ಯಾರ ಮನೇದು?”

“ನೆನಪಿಲ್ಲ,” ಎಂದ.

ಸುಳ್ಳು. ಉಳಿದ ಮೂವತ್ತು ಮರೆತಿದ್ದರೂ ಅದೊಂದನ್ನು ಅವನು ಮರೆತಿರಲಿಲ್ಲ. ಅದು ಅವನ ಸ್ವಂತ ಅಕ್ಕನ ಮನೆಯದು.

ತಾಯಿ ಇಲ್ಲದ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಆ ಅಕ್ಕ. ಆರು ವರ್ಷದ ಹಿಂದೆ ಅಕ್ಕನ ಮಗಳ ಮದುವೆ. ಮನೆ ತುಂಬ ನೆಂಟರು, ಬಾಯ್ಲರ್ ಮಾತ್ರ ಗಳಿಗೆಗೊಮ್ಮೆ ಆಫ್. ಅಕ್ಕ ಕರೆಸಿದಳು. ‘ಮದುವೆ ಮುಗೀಲಿ ಅಕ್ಕ, ಬಂದು ಹೊಸದು ಹಾಕ್ತೀನಿ’ ಎಂದು ಕಟಾಫ್ ಕಿತ್ತು ಡೈರೆಕ್ಟ್ ಮಾಡಿ ಬಂದ. ಮದುವೆಯ ದಿನ ಕಿವಿಯಮ್ಮ ಶಿಫ್ಟ್ ಮುಗಿಸಿ ಕಾರ್ಖಾನೆಯ ನೀಲಿ ಕೋಟಿನಲ್ಲೇ ಓಡಿಬಂದಿದ್ದಳು. ಎಲ್ಲರೂ ಫೋಟೋಕ್ಕೆ ನಿಂತಾಗ ಅಕ್ಕ, ‘ನೀನು ಸ್ವಲ್ಪ ಪಕ್ಕಕ್ಕೆ ನಿಂತ್ಕೋಮ್ಮ, ಈ ಫೋಟೋ ಒಂದು ಆಗಲಿ’ ಎಂದುಬಿಟ್ಟಳು. ರಿಪೇರಿಯವನಿಗೆ ಎಲ್ಲಿತ್ತೋ ರೋಷ! ಊಟವನ್ನೂ ಮಾಡದೆ ಹೆಂಡತಿಯ ಕೈ ಹಿಡಿದು ಹೊರಟುಬಂದ. ಅವಮಾನ ಆದವಳು ವಾರದೊಳಗೆ ಅದನ್ನು ಮರೆತಳು. ಇವನು ಮಾತ್ರ ಆರು ವರ್ಷ ಅದಕ್ಕೆ ನೀರೆರೆದು ಸಾಕಿದ. ಅಕ್ಕನೂ ಹಟಮಾರಿ, ಕರೆಯಲಿಲ್ಲ. ಈಗ ಬಾಯ್ಲರ್ ಎಂದರೆ ಆ ಬಾಗಿಲು ತಟ್ಟಬೇಕು, ತಟ್ಟಿ ‘ತಪ್ಪಾಯ್ತು’ ಎನ್ನಬೇಕು. ಅದಕ್ಕಿಂತ ‘ನೆನಪಿಲ್ಲ’ ಎನ್ನುವುದು ಸುಲಭವಾಗಿತ್ತು.

ಕಿವಿಯಮ್ಮ ಒಲೆಯ ಮೇಲೆ ಕಬ್ಬಿಣದ ಬಾಣಲೆಯಿಟ್ಟು, ಮೂವತ್ತೊಂದು ಕಟಾಫನ್ನೂ ಒಂದೊಂದಾಗಿ ಕಾಯಿಸಿ ನೋಡಿದಳು. ನಾಲ್ಕು ಸತ್ತಿದ್ದವು, ಇಪ್ಪತ್ತೇಳು ಟಕ್ ಎಂದವು. ಅಂದರೆ ಇಪ್ಪತ್ತೇಳರಲ್ಲಿ ಯಾವ ದೋಷವೂ ಇರಲಿಲ್ಲ, ತಮ್ಮ ಕೆಲಸ ನಿಯತ್ತಿನಿಂದ ಮಾಡಿದ್ದಕ್ಕೇ ಕಿತ್ತು ಡಬ್ಬಿಗೆ ಹಾಕಿಸಿಕೊಂಡಿದ್ದವು. ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಗಂಡನ ಮುಂದೆ ಎರಡು ಗುಡ್ಡೆ ಮಾಡಿಟ್ಟಳು, ಅಷ್ಟೇ.

ಅಂಗಡಿಗೆ ಮಂಗಳವಾರ ರಜ. ಪ್ರತಿ ಮಂಗಳವಾರ ಇಬ್ಬರೂ ಚೀಲ ಹೊತ್ತು ಹೊರಟರು. ರಿಪೇರಿಯವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಕೆಟಲುಗಳ ಮುಖ ನೆನಪಿರುತ್ತದೆ. ‘ನೀಲಿದು, ಹಿಡಿಗೆ ದಾರ ಸುತ್ತಿದ್ದು, ಕನ್ನಡಕದ ಅಂಗಡಿಯವನದು’, ‘ಮೂತಿ ಸೊಟ್ಟಗಿದ್ದಿದ್ದು, ದಾದಿಯರ ಹಾಸ್ಟೆಲಿಂದು’ ಎಂದು ಹೇಳುತ್ತಾ ಹೋಗುತ್ತಿದ್ದ. ಮನೆ ಸಿಕ್ಕಿದ ಮೇಲೆ ಕಿವಿಯಮ್ಮ ನೆಲದ ಮೇಲೇ ಚಕ್ಕಂಬಕ್ಕಳ ಹಾಕಿ ಕೂತು, ತಳ ಬಿಚ್ಚಿ, ಸುಣ್ಣ ತೆಗೆದು, ಕಟಾಫ್ ಕೂರಿಸಿ, ಮನೆಯವರ ಕಣ್ಣೆದುರಿಗೇ ಕೆಟಲನ್ನು ಖಾಲಿ ಸುಡುತ್ತಿದ್ದಳು. ಟಕ್ ಎಂದು ದೀಪ ಆರಿದ ಮೇಲೆಯೇ ಮೇಲೇಳುತ್ತಿದ್ದಳು.

ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಒಬ್ಬ ನಿವೃತ್ತ ಗುಮಾಸ್ತರಂತೂ ಬಾಗಿಲಲ್ಲೇ ತಡೆದು ನಿಲ್ಲಿಸಿದರು. “ಅವತ್ತು ತೆಗೆದಿದ್ದು ರಿಪೇರಿ ಅಂದ್ರಿ. ಇವತ್ತು ಹಾಕೋದು ರಿಪೇರಿ ಅಂತೀರಿ. ನಾಳೆ ಏನಪ್ಪಾ, ಕೆಟಲನ್ನೇ ಹೊತ್ಕೊಂಡು ಹೋಗೋದು ರಿಪೇರಿನಾ?”

“ಇಲ್ಲ ಸಾರ್,” ಎಂದಳು ಕಿವಿಯಮ್ಮ. “ಅವತ್ತು ಮಾಡಿದ್ದು ರಿಪೇರಿ ಅಲ್ಲ. ಇವತ್ತು ಮಾಡೋದು ರಿಪೇರಿ.”

ಗುಮಾಸ್ತರು ದಾರಿ ಬಿಟ್ಟರು. ರಿಪೇರಿಯವನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಮನೆಗೆ ಬರುವಾಗ ದಾರಿಯುದ್ದಕ್ಕೂ ಮುಖ ಊದಿಸಿಕೊಂಡೇ ನಡೆದ. ಅವಳು ಸಮಾಧಾನ ಮಾಡಲಿಲ್ಲ. ಸಮಾಧಾನ ಮಾಡುವಂಥದ್ದು ಅಲ್ಲಿ ಏನೂ ಇರಲಿಲ್ಲವಲ್ಲ.

ಹದಿನೇಳನೆಯ ಮನೆ ಒಬ್ಬ ವಿಧವೆಯದು. ಅವರ ಹತ್ತಿರ ಈಗ ಕೆಟಲೇ ಇರಲಿಲ್ಲ. “ಅದು ಎರಡು ವರ್ಷದ ಹಿಂದೆ ಸುಟ್ಟು ಕರಗಿಹೋಯ್ತಪ್ಪ, ಎಸೆದುಬಿಟ್ಟೆ,” ಎಂದು, ಮೇಜಿನ ಮೇಲಿನ ಬಟ್ಟೆ ಎತ್ತಿ ತೋರಿಸಿದರು. ಮರದ ಮೇಲೆ ಕೆಟಲಿನ ತಳದಷ್ಟಗಲ ಕಪ್ಪಗೆ ಸುಟ್ಟ ಗುರುತು. ಗೋಡೆಯೂ ಒಂದು ಮೊಳ ಮಸಿಯಾಗಿತ್ತು. “ನಂದೇ ತಪ್ಪು. ನೀರು ಹಾಕಿದೀನಿ ಅಂದ್ಕೊಂಡು ಸ್ವಿಚ್ ಹಾಕಿ ಬಟ್ಟೆ ಒಗೆಯೋಕೆ ಹೋದೆ. ವಯಸ್ಸಾಯ್ತು ನೋಡಿ, ಮರೆವು. ಆವತ್ತಿಂದ ಒಲೆ ಹಚ್ಚಿದ್ರೆ ಅದರ ಮುಂದಿಂದ ಏಳೋದೇ ಇಲ್ಲ.”

ಕಿವಿಯಮ್ಮ ಅವರ ಕೈ ಹಿಡಿದುಕೊಂಡಳು. “ನಿಮ್ಮ ತಪ್ಪಲ್ಲಮ್ಮ. ಮರೆಯೋರಿಗೋಸ್ಕರಾನೇ ಕಟಾಫ್ ಇರೋದು. ಅದನ್ನ ತೆಗೆದುಹಾಕಿದ್ದು ನಾವು.”

‘ನಾವು’ ಎಂದಳು. ತೆಗೆದವನು ಇವನೊಬ್ಬನೇ, ಆದರೂ ‘ನಾವು’ ಎಂದಳು. ರಿಪೇರಿಯವನಿಗೆ ಆ ಮಾತು ಬೈಗುಳಕ್ಕಿಂತ ಜೋರಾಗಿ ತಾಗಿತು. ಎರಡು ವರ್ಷ ಆ ಹೆಂಗಸು ತನ್ನನ್ನೇ ತಾನು ಬೈದುಕೊಂಡು ಬದುಕಿದ್ದರು, ಇವನು ಹಾಯಾಗಿ ಬೋರ್ಡಿನ ಕೆಳಗೆ ಕೂತು ನಗುನಗುತ್ತಾ ಮಾತಾಡುತ್ತಿದ್ದ. ಮುಂದಿನ ಮಂಗಳವಾರ ಒಂದು ಹೊಸ ಕೆಟಲ್ ಒಯ್ದು, ಅವರೆದುರಿಗೆ ಮೂರು ಸಲ ಖಾಲಿ ಸುಟ್ಟು ತೋರಿಸಿ ಕೊಟ್ಟು ಬಂದ. ಹದಿನೆಂಟನೆಯ ಮನೆಯಿಂದ ಬಾಗಿಲಲ್ಲಿ ಮೊದಲು ಮಾತಾಡಿದವನು ಅವನೇ. “ನಾನೊಂದು ತಪ್ಪು ಕೆಲಸ ಮಾಡಿ ಕೊಟ್ಟಿದ್ದೆ, ಸರಿಮಾಡೋಕೆ ಬಂದಿದೀನಿ,” ಎನ್ನುತ್ತಿದ್ದ. ಮೊದಮೊದಲು ಚಪ್ಪಲಿ ನೋಡಿಕೊಂಡು ಹೇಳುತ್ತಿದ್ದ, ಆಮೇಲಾಮೇಲೆ ಸರಾಗವಾಯಿತು.

ಏಳು ತಿಂಗಳಾಯಿತು. ಡಬ್ಬಿ ಬರಿದಾಗುತ್ತಾ ಬಂದಷ್ಟೂ ಆ ಕೆಂಪು ಗುಂಡಿ ಎದ್ದುಕಾಣತೊಡಗಿತು. “ಬಾಯ್ಲರ್ ಯಾರದು ಅಂತ ಈಗಲಾದ್ರೂ ನೆನಪಾಯ್ತೇನ್ರೀ?” ಎಂದು ಅವಳು ವಾರವಾರವೂ ಕೇಳುತ್ತಿದ್ದಳು. ಅವನು ವಾರವಾರವೂ ತಲೆ ಕೆರೆದುಕೊಳ್ಳುತ್ತಿದ್ದ. ಕೊನೆಗೆ ಡಬ್ಬಿಯಲ್ಲಿ ಅದೊಂದೇ ಉಳಿಯಿತು. ಇನ್ನೊಂದು ವಾರ ನೋಡೋಣ, ಅಕ್ಕನಿಂದಲೇ ಏನಾದರೂ ಸುದ್ದಿ ಬಂದೀತು ಎಂದು ಅವನು ತನಗೆ ತಾನೇ ಹೇಳಿಕೊಂಡ. ಮೂವತ್ತು ಮನೆಗಳ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತವನಿಗೆ, ಸ್ವಂತ ಅಕ್ಕನ ಬಾಗಿಲು ಮಾತ್ರ ದೊಡ್ಡ ಬೆಟ್ಟವಾಗಿತ್ತು.

ಒಂದು ಬೆಳಿಗ್ಗೆ ಇಸ್ತ್ರಿಪೆಟ್ಟಿಗೆಯೊಂದನ್ನು ತಲುಪಿಸಿ ಹನ್ನೊಂದು ಗಂಟೆಗೆ ವಾಪಸ್ ಬಂದರೆ, ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಮೇಜಿನ ಮೇಲೆ ಬಿಚ್ಚಿದ ಕೆಟಲ್ ಬಿಚ್ಚಿದ ಹಾಗೇ ಬಿದ್ದಿತ್ತು. ಕೆಲಸವನ್ನು ಅರ್ಧಕ್ಕೆ ಬಿಟ್ಟೇಳುವವಳಲ್ಲ ಕಿವಿಯಮ್ಮ.

ಪಕ್ಕದ ದರ್ಜಿ ಹೊಲಿಗೆ ಮಿಷನ್ ನಿಲ್ಲಿಸಿ ಹೊರಗೆ ಬಂದ. “ನಿಮ್ಮ ಅಕ್ಕನ ಮಗಳು ಬಂದಿದ್ಲು ಕಣ್ರೀ. ಅವಳ ಅಮ್ಮನ ಮನೆ ಬಾಯ್ಲರ್ ಎರಡು ದಿನದಿಂದ ಕೊತಕೊತ ಅಂತಿದೆಯಂತೆ, ನಲ್ಲಿ ಬಿಟ್ರೆ ಬರೀ ಆವಿ ಬರುತ್ತಂತೆ. ಮಾವ ಒಂದ್ಸಲ ರಿಪೇರಿ ಮಾಡಿದ್ರು, ಈಗಲೂ ಬರ್ತಾರಾ ಅಂತ ಕೇಳಿದ್ಲು. ನಿಮ್ಮನೆಯವರು ಎದ್ದುನಿಂತ್ರು ನೋಡಿ! ಫೋನ್ ಮಾಡಿ ಮೇನ್ ಆಫ್ ಮಾಡ್ಸು ಅಂತ ಒಂದೇ ಸಮ ಕೂಗಿದ್ರು. ಆಕಡೆ ಯಾರೂ ಫೋನ್ ಎತ್ತಲಿಲ್ಲ. ಕಪಾಟಿಂದ ಏನೇನೋ ಸಾಮಾನು ಚೀಲಕ್ಕೆ ತುಂಬ್ಕೊಂಡು ಇಬ್ಬರೂ ಬಸ್ ಹತ್ತಿದ್ರು.”

ಬಾಯ್ಲರಿಗೆ ಎರಡು ಕಾವಲು. ನೀರು ಸಾಕಷ್ಟು ಕಾದಾಗ ದಿನವೂ ಆಫ್ ಮಾಡುವುದು ಥರ್ಮೋಸ್ಟಾಟ್. ಅದು ಕೈಕೊಟ್ಟರೆ ಹಿಂದಿನಿಂದ ಹಿಡಿಯಲು ಕಟಾಫ್. ನೀರು ಕೊತಕೊತ ಎನ್ನುತ್ತಿದೆ ಎಂದರೆ ಮೊದಲನೆಯದು ಅಂಟಿಕೊಂಡಿದೆ. ಎರಡನೆಯದು ಆರು ವರ್ಷದಿಂದ ಅವನ ಬಿಸ್ಕತ್ತಿನ ಡಬ್ಬಿಯಲ್ಲಿದೆ. ಸೈಕಲ್ ಹತ್ತಿದ. ಮಾರುಕಟ್ಟೆಯ ಜನರ ನಡುವೆ ಯಾರಿಗೆ ತಾಗಿತೋ, ಯಾರು ಬೈದರೋ ತಿಳಿಯಲಿಲ್ಲ. ‘ಅಕ್ಕ ಬಚ್ಚಲಲ್ಲಿ ಇರದಿದ್ದರೆ ಸಾಕು, ಬಚ್ಚಲಲ್ಲಿ ಇರದಿದ್ದರೆ ಸಾಕು’ ಎನ್ನುವುದೊಂದೇ ತಲೆಯಲ್ಲಿತ್ತು.

ಅಕ್ಕನ ಮನೆಯ ಬಾಗಿಲು ತೆರೆದೇ ಇತ್ತು. ಚಪ್ಪಲಿ ಸಮೇತ ಒಳಗೆ ನುಗ್ಗಿದ.

ಬಚ್ಚಲುಮನೆಯ ನೆಲವೆಲ್ಲ ನೀರು. ಬಾಯ್ಲರಿನ ಮುಚ್ಚಳ ಬಿಚ್ಚಿ ಗೋಡೆಗೆ ಒರಗಿಸಿತ್ತು. ಕಿವಿಯಮ್ಮ ಸ್ಟೂಲಿನ ಮೇಲೆ ನಿಂತಿದ್ದಳು, ತುಟಿಗಳ ನಡುವೆ ಎರಡು ಸ್ಕ್ರೂ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಅಕ್ಕ ಕೆಳಗೆ ನಿಂತು ಟಾರ್ಚ್ ಹಿಡಿದಿದ್ದಳು. ಆರು ವರ್ಷದಲ್ಲಿ ಅವಳ ತಲೆಯೆಲ್ಲ ಬೆಳ್ಳಗಾಗಿತ್ತು. ಹೊಸ್ತಿಲ ಆಚೆ ಅಕ್ಕನ ಮಗಳು ನಾಲ್ಕು ವರ್ಷದ ತನ್ನ ಮಗಳನ್ನು ಎತ್ತಿಕೊಂಡು ನಿಂತಿದ್ದಳು. ಬಾಯ್ಲರಿನ ಒಳಗಿನ ವೈರಿನ ಹೊದಿಕೆ ಕಂದುಬಣ್ಣಕ್ಕೆ ತಿರುಗಿ ಬಿರುಕುಬಿಟ್ಟಿತ್ತು. ಥರ್ಮೋಸ್ಟಾಟಿನ ಪಾಯಿಂಟುಗಳು ಒಂದಕ್ಕೊಂದು ಕರಗಿ ಕೂಡಿಕೊಂಡಿದ್ದವು.

ಅಕ್ಕ ತಿರುಗಿ ನೋಡಿದಳು.

“ಬಂದ್ಯಾ? ನನ್ನ ಪುಣ್ಯ, ಇವಳು ಬಂದು ಮೇನ್ ತೆಗೆದ್ಲು. ಅದು ಹೇಗೆ ಅಲ್ಲಾಡ್ತಿತ್ತು ಗೊತ್ತಾ! ಹೋಗಲಿ, ನೀನು ಬರದಿದ್ರೂ ಹೆಂಡ್ತೀನ ಕಳಿಸಿದ್ಯಲ್ಲ, ಅಷ್ಟಾದ್ರೂ ಅಕ್ಕನ ನೆನಪಿತ್ತಲ್ಲ.”

ಕಿವಿಯಮ್ಮ ಒಂದು ಸಲ ಗಂಡನ ಮುಖ ನೋಡಿ, ತುಟಿಯಿಂದ ಸ್ಕ್ರೂ ತೆಗೆಯದೆ ಮತ್ತೆ ಕೆಲಸಕ್ಕೆ ತಿರುಗಿದಳು. ಅವನು ‘ಹೂಂ’ ಎಂದು ತಲೆಯಾಡಿಸಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಅಕ್ಕನ ಕಣ್ಣು ಆಗಲೇ ಒದ್ದೆಯಾಗಿತ್ತು. ಎರಡು ನಿಮಿಷದ ಕೆಲಸ.

“ನಾನು ಕಳಿಸಲಿಲ್ಲ ಅಕ್ಕ.”

“ಮತ್ತೆ?”

“ಅವಳಾಗೇ ಬಂದ್ಲು. ಮದುವೆ ಟೈಮಲ್ಲಿ ಕಟಾಫ್ ಕಿತ್ತು ಹಾಗೇ ಬಿಟ್ಟು ಹೋದವನು ನಾನು. ನನಗೆ ಗೊತ್ತಿತ್ತು. ಏಳು ತಿಂಗಳಿಂದ ಊರೆಲ್ಲಾ ಸುತ್ತಿ ಮೂವತ್ತು ಜನರದು ಸರಿಮಾಡಿದ್ವಿ. ನಿಂದು ಮಾತ್ರ ಯಾರದು ಅಂತ ನೆನಪಿಲ್ಲ ಅಂತ ಇವಳಿಗೆ ಸುಳ್ಳು ಹೇಳ್ತಾ ಬಂದೆ. ನಿನ್ನ ಮುಂದೆ ಬಂದು ನಿಲ್ಲಬೇಕಾಗುತ್ತಲ್ಲಾ ಅಂತ.”

ಅಕ್ಕ ಟಾರ್ಚನ್ನು ಕೆಳಗಿಳಿಸಿದಳು.

“ಈ ಮಗು ಇಲ್ಲಿಗೆ ಬಂದಾಗೆಲ್ಲಾ ಇದರ ಕೆಳಗೇ ನಿಂತು ಸ್ನಾನ ಮಾಡೋದು ಕಣೋ,” ಎಂದಳು. ದನಿ ಏರಿಸಲಿಲ್ಲ.

ಅವನು ಆ ಮಗುವನ್ನು ನೋಡಿದ್ದು ಅದೇ ಮೊದಲು. ಅದು ಅವನನ್ನು, ಯಾರೋ ಹೊಸಬರನ್ನು ನೋಡುವಂತೆ, ಪಿಳಿಪಿಳಿ ನೋಡುತ್ತಿತ್ತು.

ಕಿವಿಯಮ್ಮ ಕೊನೆಯ ಸ್ಕ್ರೂ ತಿರುಗಿಸಿ ಸ್ಟೂಲಿನಿಂದ ಇಳಿದಳು. ಹೊಸ ವೈರ್, ಹೊಸ ಥರ್ಮೋಸ್ಟಾಟ್, ಕೆಂಪು ಗುಂಡಿಯ ಕಟಾಫ್. ಬಾಯ್ಲರಿನಲ್ಲಿ ಒಂದು ತೊಟ್ಟು ನೀರಿರಲಿಲ್ಲ. “ಎಲ್ಲರೂ ಆಚೆ ಹೋಗಿ,” ಎಂದಳು. “ರೀ, ಥರ್ಮೋಸ್ಟಾಟ್ ಸದ್ಯಕ್ಕೆ ಬಿಟ್ಟು ವೈರ್ ಕೊಟ್ಟಿದೀನಿ, ಪರೀಕ್ಷೆ ಕಟಾಫ್‌ಗೆ. ನೀವೇ ಸ್ವಿಚ್ ಹಾಕಿ.”

ಅವನು ಸ್ವಿಚ್ ಹಾಕಿದ. ದೀಪ ಹತ್ತಿತು. ಅವಳು ಮೆಲ್ಲಗೆ ಎಣಿಸತೊಡಗಿದಳು. ಇಪ್ಪತ್ತು. ಮೂವತ್ತು. ಕಾದ ಲೋಹದ ವಾಸನೆ ಬಂತು. ಮೂವತ್ತೈದು. ಅಕ್ಕ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಲವತ್ತೊಂದು ಎನ್ನುವಾಗ ಟಕ್ ಎಂದಿತು. ಗುಂಡಿ ಹೊರಕ್ಕೆ ನೆಗೆಯಿತು, ದೀಪ ಆರಿತು.

“ಅಷ್ಟೇನಾ?” ಎಂದಳು ಅಕ್ಕ.

“ಅಷ್ಟೇ ಅತ್ತಿಗೆ.”

ಅಕ್ಕ ಆ ಕೆಂಪು ಗುಂಡಿಯನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಕಿವಿಯಮ್ಮನ ಮಸಿ ಮೆತ್ತಿದ ಕೈಯನ್ನು ತನ್ನ ಸೆರಗಿನಿಂದಲೇ ಒರೆಸಿದಳು. “ನಡಿಯಮ್ಮ, ಒಳಗೆ ನಡಿ. ಬೆಳಿಗ್ಗೆಯಿಂದ ಏನಾದ್ರೂ ತಿಂದಿದೀಯೋ ಇಲ್ವೋ.” ತಮ್ಮನ ಕಡೆ ತಿರುಗಿ, “ನೀನು ಇಲ್ಲೇ ಇರು. ಇನ್ನೂ ಹತ್ತು ಸಲ ಹಾಕಿ ನೋಡು,” ಎಂದಳು.

“ಹತ್ತು ಬೇಡ ಅತ್ತಿಗೆ, ಕಾಯಿಲ್ ಹಾಳಾಗುತ್ತೆ. ಇನ್ನೆರಡು ಸಲ ಸಾಕು.”

“ಕಾಯಿಲ್‌ಗೆ ಎರಡು ಸಾಕು. ಇವನಿಗೆ ಹತ್ತೂ ಸಾಲದು,” ಎಂದು ಅಕ್ಕ ಅವಳ ಹೆಗಲ ಮೇಲೆ ಕೈಯಿಟ್ಟುಕೊಂಡು ಹೊರಟುಹೋದಳು.

ಅವನು ಒಬ್ಬನೇ ನಿಂತ. ಕಟಾಫ್ ತಣ್ಣಗಾಗುವವರೆಗೂ ಆ ಗುಂಡಿ ಒಳಗೆ ಕೂರುವುದಿಲ್ಲ, ಅವಸರದಿಂದ ಒತ್ತಿದರೆ ಬೆರಳನ್ನೇ ಹಿಂದಕ್ಕೆ ತಳ್ಳುತ್ತದೆ. ಕಾದ. ಒಳಗಿನಿಂದ ಹೆಂಗಸರ ಮಾತು, ತಟ್ಟೆಯ ಸದ್ದು, ಒಮ್ಮೆ ಅಕ್ಕನ ಜೋರು ನಗು ಕೇಳಿತು. ತನ್ನ ಬಗ್ಗೆಯೇ ನಗುತ್ತಿದ್ದಾರೆ ಎಂದು ಗೊತ್ತಾಯಿತು, ಬೇಸರವಾಗಲಿಲ್ಲ. ಇಂಥ ಹೆಂಡತಿಯ ಜೊತೆ ಇಷ್ಟು ವರ್ಷ ಒಂದೇ ಸೂರಿನಡಿ ಬದುಕಿಯೂ, ಇವಳು ಎಂಥವಳೆಂದು ತಿಳಿಯಲು ಮೂವತ್ತೊಂದು ಮನೆ ಸುತ್ತಬೇಕಾಯಿತಲ್ಲ ಎಂದುಕೊಂಡ. ಗುಂಡಿ ಒತ್ತಿದ, ಕೂತಿತು. ಸ್ವಿಚ್ ಹಾಕಿ ಎಣಿಸಿದ. ಟಕ್. ಮತ್ತೆ ಕಾದ. ಮತ್ತೆ ಟಕ್. ಆಮೇಲೆ ಮೇನ್ ತೆಗೆದು, ಥರ್ಮೋಸ್ಟಾಟಿನ ವೈರನ್ನು ಅದರ ಜಾಗಕ್ಕೆ ಬಿಗಿದು, ಎರಡೆರಡು ಸಲ ಎಳೆದು ನೋಡಿದ.

“ಏನೋ, ಆಯ್ತಾ?” ಅಡುಗೆಮನೆಯಿಂದ ಅಕ್ಕ ಕೂಗಿದಳು.

“ಆಯ್ತಕ್ಕ.”

“ಎರಡೂ ಸಲ ಆಫ್ ಆಯ್ತಾ?”

“ಎರಡೂ ಸಲ ಆಫ್ ಆಯ್ತು.”

“ಹಾಗಾದ್ರೆ ನೀರು ತುಂಬಿಸಿ, ಕೈ ತೊಳ್ಕೊಂಡು ಬಾ. ತಟ್ಟೆ ಹಾಕಿದೀನಿ.”

ಅವನು ಬಾಯ್ಲರಿನ ನಲ್ಲಿ ತಿರುಗಿಸಿ, ಅದು ತುಂಬುವವರೆಗೂ ಸ್ಟೂಲಿನ ಮೇಲೆ ಕೂತು ಅತ್ತ. ಆಮೇಲೆ ಕೈ ತೊಳೆದುಕೊಂಡು ಒಳಗೆ ಹೋದ.